ಕುಂಡದ ಕಳ್ಳಿಗೂ ಊಟ ಬೇಕೇ?

“ಏನ್ರೀ, ನಿಮ್ಮನೆ ಲೋಳೆಸರ ಇಷ್ಟು ಚೆನ್ನಾಗಿ ಬಂದಿದೆಯಲ್ಲ, ಏನು ಹಾಕ್ತೀರಿ?” ಎಂದು ಯಾರನ್ನಾದರೂ ಕೇಳಿ ನೋಡಿ. “ಅಯ್ಯೋ, ಏನೂ ಹಾಕಲ್ಲ ಕಣ್ರೀ, ಅದರ ಪಾಡಿಗೆ ಅದು ಬರುತ್ತೆ” ಎಂಬ ಉತ್ತರ ಬರುತ್ತದೆ. ಇನ್ನೊಂದು ಮನೆಯಲ್ಲಿ ಅದೇ ಗಿಡಕ್ಕೆ ಅಕ್ಕಿ ತೊಳೆದ ನೀರು, ಹುಳಿ ಮಜ್ಜಿಗೆ, ಚಹಾದ ಚರಟ, ಬಾಳೆಹಣ್ಣಿನ ಸಿಪ್ಪೆ ಎಲ್ಲವೂ ಸಲ್ಲುತ್ತಿರುತ್ತದೆ. ಮಕ್ಕಳಿಗೆ ಮಾಡಿದ ಹಾಗೆ ಉಪಚಾರ. ಆದರೂ ಒಂದು ದಿನ ಎಲೆ ಮುಟ್ಟಿದರೆ ಬುಡದಿಂದ ಲೊಳಕ್ಕನೆ ಕೈಗೆ ಬರುತ್ತದೆ. ಏನೂ ಹಾಕದವರ ಮನೆಯಲ್ಲಿ ನಳನಳಿಸುವ ಗಿಡ ಎಲ್ಲವನ್ನೂ ಹಾಕಿದವರ ಮನೆಯಲ್ಲಿ ಕೊಳೆಯುತ್ತದೆ. ಇದೆಂಥ ನ್ಯಾಯ ಎನಿಸುವುದಿಲ್ಲವೆ?

ನ್ಯಾಯ ಗಿಡದ ಕಡೆಗೇ ಇದೆ. ಅದಕ್ಕೆ ಊಟ ಬೇಡವೆಂದಲ್ಲ, ಬೇಕು. ನೆಲದಲ್ಲಿರುವ ಗಿಡ ಬೇರು ಚಾಚಿ ತನ್ನದನ್ನು ತಾನು ಹುಡುಕಿಕೊಳ್ಳುತ್ತದೆ. ಕುಂಡದ ಗಿಡಕ್ಕೆ ನಾವು ಕೊಟ್ಟಷ್ಟೇ ಮಣ್ಣು. ಎರಡು ಮೂರು ವರ್ಷದಲ್ಲಿ ಆ ಮಣ್ಣಿನ ಸತ್ವ ತೀರುತ್ತದೆ. ಆದರೆ ಈ ಜಾತಿಯ ಗಿಡಗಳ ಹಸಿವು ಬಹಳ ಚಿಕ್ಕದು, ಅದೂ ವರ್ಷದ ಕೆಲವು ತಿಂಗಳಲ್ಲಿ ಮಾತ್ರ. ನಮ್ಮ ಅಕ್ಕರೆಯ ಅಳತೆಯಲ್ಲಿ ಕೊಡದೆ ಅದರ ಬೆಳವಣಿಗೆಯ ಅಳತೆಯಲ್ಲಿ ಕೊಡಬೇಕು. ಈ ಒಂದು ಮಾತು ತಿಳಿದರೆ ಮುಕ್ಕಾಲು ಪಾಲು ಕೆಲಸ ಮುಗಿದ ಹಾಗೆ.

ಯಾವುವು ಈ ಗಿಡಗಳು?

ಎಲೆಯಲ್ಲೋ ಕಾಂಡದಲ್ಲೋ ಬುಡದಲ್ಲೋ ನೀರನ್ನು ಕೂಡಿಟ್ಟುಕೊಳ್ಳುವ ದಪ್ಪ ಮೈಯ ಗಿಡಗಳಿಗೆ ಸಕ್ಯುಲೆಂಟ್ ಎನ್ನುತ್ತಾರೆ. ಹೆಸರು ಹೊಸದಾದರೂ ಗಿಡಗಳು ನಮಗೆ ಹೊಸವಲ್ಲ. ಲೋಳೆಸರ, ಕಾಡುಬಸಳೆ, ಮಂಗರವಳ್ಳಿ, ಬೇಲಿಯ ಕಳ್ಳಿ, ಪಾಪಾಸುಕಳ್ಳಿ, ಕತ್ತಾಳೆ ಎಲ್ಲವೂ ಇದೇ ಗುಂಪಿನವು. ತಂಬುಳಿಗೆ ಕೀಳುವ ದೊಡ್ಡಪತ್ರೆಯೂ ಇವುಗಳ ಹತ್ತಿರದ ಸ್ವಭಾವದ್ದು. ಈಚೆಗೆ ನರ್ಸರಿಗಳಿಂದ ಜೇಡ್, ಅಡೀನಿಯಂ, ಗುಲಾಬಿ ಹೂವಿನಂತೆ ಸುತ್ತು ಸುತ್ತಾಗಿ ಎಲೆ ಜೋಡಿಸಿಕೊಳ್ಳುವ ಎಚೆವೇರಿಯಾ, ಅಂಗೈಯಗಲದ ಹಾವರ್ತಿಯಾಗಳೂ ನಮ್ಮ ಕಿಟಕಿಗೆ ಬಂದು ಕುಳಿತಿವೆ. ರಾತ್ರಿ ಅರಳುವ ನಮ್ಮ ಮನೆಗಳ “ಬ್ರಹ್ಮಕಮಲ”ವೂ ಒಂದು ಕಳ್ಳಿಯೇ ಎಂದರೆ ಕೆಲವರಿಗೆ ಆಶ್ಚರ್ಯವಾದೀತು.

ಹಸಿವು ಏಕೆ ಕಡಿಮೆ?

ಇದಕ್ಕೊಂದು ಸ್ವಾರಸ್ಯವಾದ ಹಿನ್ನೆಲೆ ಉಂಟು, ಅದೂ ನಮ್ಮ ನಾಡಿಗೆ ಸೇರಿದ್ದು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡಿದ್ದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನೆ ಎಂಬಾತ ಕಾಡುಬಸಳೆಯ ಎಲೆಯಲ್ಲಿ ಒಂದು ವಿಚಿತ್ರವನ್ನು ಗಮನಿಸಿದ. ಬೆಳಿಗ್ಗೆ ಹುಳಿಯಾಗಿರುವ ಎಲೆ ಹೊತ್ತು ಏರಿದಂತೆ ಸಪ್ಪೆಯಾಗುತ್ತದೆ! ಇದನ್ನು ಅವನು ಲಂಡನ್ನಿನ ಲಿನಿಯನ್ ಸೊಸೈಟಿಗೆ ಬರೆದು ತಿಳಿಸಿದ. 1815ರಲ್ಲಿ ಅದು ಅಚ್ಚಾಯಿತು.

ಕಾರಣ ಗೊತ್ತಾದದ್ದು ಬಹಳ ಕಾಲದ ಮೇಲೆ. ಸಾಧಾರಣ ಗಿಡಗಳು ಹಗಲಿನಲ್ಲಿ ಎಲೆಯ ಸಣ್ಣ ರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲದ ಡೈ ಆಕ್ಸೈಡನ್ನು ತೆಗೆದುಕೊಳ್ಳುತ್ತವೆ. ಆಗ ಮೈಯ ನೀರೂ ಆವಿಯಾಗಿ ಹೋಗುತ್ತದೆ. ಈ ದಪ್ಪೆಲೆಯ ಗಿಡಗಳಲ್ಲಿ ಹೆಚ್ಚಿನವು ಜಾಣ ಗೃಹಿಣಿಯ ಹಾಗೆ. ಬಿಸಿಲಿನಲ್ಲಿ ಬಾಗಿಲು ಮುಚ್ಚಿ, ರಾತ್ರಿ ತಂಪಿನಲ್ಲಿ ತೆರೆಯುತ್ತವೆ. ತೆಗೆದುಕೊಂಡದ್ದನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಹಗಲು ಬೆಳಕು ಬಂದ ಮೇಲೆ ಅದರಿಂದ ಅಡಿಗೆ ಮಾಡಿಕೊಳ್ಳುತ್ತವೆ. ನೀರು ಉಳಿಯಿತು, ಆದರೆ ಕೆಲಸ ನಿಧಾನವಾಯಿತು. ಕೂಡಿಟ್ಟದ್ದು ಎಷ್ಟೋ ಅಷ್ಟೇ ಮರುದಿನದ ಅಡಿಗೆ. ಆದ್ದರಿಂದ ಬೆಳವಣಿಗೆ ನಿಧಾನ, ಹಸಿವೂ ಕಡಿಮೆ. ದಾಸವಾಳಕ್ಕೆ, ಗುಲಾಬಿಗೆ ಹಾಕುವ ಗೊಬ್ಬರವನ್ನು ಇದಕ್ಕೂ ಹಾಕಿದರೆ ಅರಗಿಸಿಕೊಳ್ಳುವುದು ಹೇಗೆ, ನೀವೇ ಹೇಳಿ.

ಹೆಚ್ಚಾದರೆ ಏನಾಗುತ್ತೆ?

ಉಪ್ಪಿನಕಾಯಿಗೆ ಮಾವಿನ ಹೋಳು ಹೆಚ್ಚಿ ಉಪ್ಪು ಬೆರೆಸಿಟ್ಟರೆ ಮರುದಿನ ಜಾಡಿಯ ತುಂಬ ನೀರು ಬಿಟ್ಟಿರುತ್ತದೆ, ಹೋಳು ಮುದುಡಿರುತ್ತದೆ. ಕುಂಡದಲ್ಲಿ ಆಗುವುದೂ ಇದೇ. ರಾಸಾಯನಿಕ ಗೊಬ್ಬರಗಳಲ್ಲಿ ಹೆಚ್ಚಿನವು ಒಂದು ಬಗೆಯ ಲವಣಗಳೇ. ಅವು ಮಣ್ಣಿನಲ್ಲಿ ಮಿತಿಮೀರಿದರೆ ಬೇರು ನೀರನ್ನು ಹೀರಿಕೊಳ್ಳಲಾರದು. ಒಮ್ಮೊಮ್ಮೆ ಬೇರಿನ ನೀರೇ ಹೊರಗೆ ಹೋಗುತ್ತದೆ. ಬೇರಿನ ತುದಿ ಸುಡುತ್ತದೆ. ಸುಟ್ಟ ಬೇರಿಗೆ ಬೂಷ್ಟು ಹತ್ತುತ್ತದೆ. ಮೇಲೆ ನೋಡಿದರೆ ಎಲೆ ಬಾಡಿದೆ, “ಪಾಪ, ನೀರು ಸಾಲದು” ಎಂದು ಇನ್ನೊಂದು ಚೊಂಬು ಹುಯ್ಯುತ್ತೇವೆ. ಅಲ್ಲಿಗೆ ಅದರ ಕಥೆ ಮುಗಿಯಿತು!

ಇನ್ನೊಂದು ಬಗೆಯ ಹಾನಿಯೂ ಇದೆ. ಸಾರಜನಕ ಹೆಚ್ಚಾದರೆ ಗಿಡ ಬೇಗ ಬೇಗ ಊದಿಕೊಳ್ಳುತ್ತದೆ. ನೋಡುವುದಕ್ಕೆ ಪುಷ್ಟಿ, ಒಳಗೆ ಮೆತ್ತಗೆ. ಅಂಥ ಮೆದು ಮೈಗೆ ಹಿಟ್ಟು ತಿಗಣೆ, ಅಂದರೆ ಎಲೆಯ ಸಂದಿಯಲ್ಲಿ ಹತ್ತಿಯಂತೆ ಕಾಣುವ ಬಿಳಿ ಹುಳ, ಬೇಗ ಮೆತ್ತಿಕೊಳ್ಳುತ್ತದೆ.

ಹಸಿವೋ, ಬೆಳಕಿನ ಕೊರತೆಯೋ?

ಗೊಬ್ಬರದ ಪೊಟ್ಟಣ ಬಿಚ್ಚುವ ಮುಂಚೆ ಗಿಡವನ್ನು ಒಮ್ಮೆ ಸರಿಯಾಗಿ ನೋಡಿ. ಕತ್ತು ಉದ್ದ ಮಾಡಿಕೊಂಡು ಒಂದೇ ಪಕ್ಕಕ್ಕೆ ವಾಲಿದೆಯೆ? ಎಲೆಗಳ ನಡುವಿನ ಅಂತರ ಹೆಚ್ಚಾಗಿದೆಯೆ? ಅದಕ್ಕೆ ಬೇಕಾದದ್ದು ಬೆಳಕು, ಗೊಬ್ಬರವಲ್ಲ. ಹಾಲಿನ ಮೂಲೆಯ ಟೀಪಾಯಿಯಿಂದ ಪೂರ್ವದ ಕಿಟಕಿಗೆ ಬದಲಾಯಿಸಿ. ಒಮ್ಮೆಲೇ ಉರಿಬಿಸಿಲಿಗೆ ಇಡಬೇಡಿ, ಎಂಟು ಹತ್ತು ದಿನ ಅಭ್ಯಾಸ ಮಾಡಿಸಿ.

ಕೆಳಗಿನ ಎಲೆ ಹಳದಿಯಾಗಿ, ಒಳಗೆ ನೀರು ತುಂಬಿದ ಗುಳ್ಳೆಯಂತೆ ಮೆತ್ತಗಿದ್ದರೆ ನೀರು ಹೆಚ್ಚಾಗಿದೆ. ಎಲೆ ತೆಳ್ಳಗಾಗಿ ಸುಕ್ಕುಗಟ್ಟಿದ್ದು, ಬೇರು ಗಟ್ಟಿಯಾಗಿದ್ದರೆ ನೀರು ಕಡಿಮೆಯಾಗಿದೆ. ಬೆಳಕೂ ನೀರೂ ಸರಿಯಾಗಿದ್ದು, ಬೆಳೆಯುವ ಕಾಲದಲ್ಲೂ ಹೊಸ ಎಲೆ ಹಳೆಯದಕ್ಕಿಂತ ಚಿಕ್ಕದಾಗುತ್ತ, ಬಣ್ಣ ಪೇಲವವಾಗುತ್ತ, ಮರಿ ಬಿಡುವುದು ನಿಂತಿದ್ದರೆ ಮಾತ್ರ ಹಸಿವು ಎಂದು ತಿಳಿಯಿರಿ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆಯೆ? ಅದು ಗೊಬ್ಬರದ ಲವಣ ಅಥವಾ ಬೋರ್‌ವೆಲ್ ನೀರಿನ ಸುಣ್ಣ. ಹಾಗಿದ್ದಾಗ ಗೊಬ್ಬರದ ಯೋಚನೆಯನ್ನೇ ಬಿಟ್ಟು, ಬಿಸಿಲಿರುವ ಒಂದು ಬೆಳಿಗ್ಗೆ ಕೆಳಗಿನ ತೂತಿನಿಂದ ಧಾರಾಳವಾಗಿ ಹರಿದುಹೋಗುವಷ್ಟು ನೀರು ಹಾಕಿ ಮಣ್ಣನ್ನು ತೊಳೆಯಿರಿ. ಮಳೆನೀರು ಹಿಡಿದಿಟ್ಟಿದ್ದರೆ ಇನ್ನೂ ಒಳ್ಳೆಯದು. ಆಮೇಲೆ ಮಣ್ಣು ಪೂರ್ತಿ ಒಣಗುವವರೆಗೆ ಮುಟ್ಟಬೇಡಿ.

ಮೊದಲು ಮಣ್ಣು

ಮಣ್ಣು ಸರಿಯಿಲ್ಲದಿದ್ದರೆ ಎಂಥ ಗೊಬ್ಬರವೂ ವಿಷವೇ. ಒಂದು ಪಾಲು ಕೆಮ್ಮಣ್ಣು, ಎರಡು ಪಾಲು ದಪ್ಪ ಮರಳು ಅಥವಾ ಸಣ್ಣಗೆ ಕುಟ್ಟಿದ ಇಟ್ಟಿಗೆ ಚೂರು, ಒಂದು ಪಾಲು ಚೆನ್ನಾಗಿ ಮಾಗಿದ ಎಲೆಗೊಬ್ಬರ ಅಥವಾ ಎರೆಹುಳು ಗೊಬ್ಬರ, ಇವನ್ನು ಬೆರೆಸಿಕೊಳ್ಳಿ. ಹೊಳೆಮರಳು ಈಗ ಸುಲಭವಾಗಿ ಸಿಗದು. ಮನೆ ಕಟ್ಟುವ ಕಡೆ ಸಿಗುವ ಎಂ-ಸ್ಯಾಂಡ್ ಆದೀತು, ಆದರೆ ಜರಡಿ ಹಿಡಿದು, ಎರಡು ಸಲ ತೊಳೆದು ಧೂಳು ತೆಗೆಯಿರಿ. ಆ ಧೂಳು ನೀರು ತಾಗಿದರೆ ಸಿಮೆಂಟಿನ ಹಾಗೆ ಕೂರುತ್ತದೆ. ಈ ಮಿಶ್ರಣವನ್ನು ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ಕಟ್ಟದೆ ಉದುರಬೇಕು. ಉಂಡೆ ಕಟ್ಟಿದರೆ ಇನ್ನಷ್ಟು ಮರಳು ಸೇರಿಸಿ.

ಆರು ಇಂಚಿನ ಕುಂಡಕ್ಕೆ ಒಂದು ಚಹಾ ಚಮಚ ಬೇವಿನ ಹಿಂಡಿಯನ್ನು ಈ ಮಣ್ಣಿಗೇ ಬೆರೆಸಬಹುದು. ಗೊಬ್ಬರವೂ ಆಯಿತು, ಬೇರು ಕಡಿಯುವ ಹುಳಕ್ಕೆ ತಡೆಯೂ ಆಯಿತು. ಹಸಿ ಸಗಣಿಯನ್ನು ಮಾತ್ರ ಹತ್ತಿರ ತರಬೇಡಿ. ಅದು ಕೊಳೆಯುವಾಗ ಕಾವು ಏಳುತ್ತದೆ, ಗೊಣ್ಣೆಹುಳವೂ ಬರುತ್ತದೆ. ವರ್ಷ ಕಳೆದು, ವಾಸನೆ ಹೋಗಿ, ಕೈಯಲ್ಲಿ ಪುಡಿಯಾಗುವ ಕೊಟ್ಟಿಗೆ ಗೊಬ್ಬರವಾದರೆ ಸೈ. ಇಂಥ ಮಣ್ಣಿನಲ್ಲಿ ನೆಟ್ಟ ಗಿಡಕ್ಕೆ ಮೊದಲ ಒಂದು ವರ್ಷ ಬೇರೆ ಗೊಬ್ಬರದ ಗೊಡವೆಯೇ ಬೇಡ. ಕುಂಡದ ಕೆಳಗೆ ತೂತು ಇರಲೇಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲವಷ್ಟೆ.

ಯಾವಾಗ ಕೊಡಬೇಕು?

ಪಂಚಾಂಗ ನೋಡಿ ನೆನಪಿಟ್ಟುಕೊಳ್ಳುವುದು ಸುಲಭ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟುಹೋಗುತ್ತದೆ ಎನ್ನುತ್ತಾರಲ್ಲ, ಆಗಿನಿಂದ ಯುಗಾದಿಯವರೆಗೆ ಮೊದಲ ಸರದಿ. ಕುಂಡ ಬದಲಾಯಿಸುವುದು, ಮಣ್ಣು ಹೊಸದು ಮಾಡುವುದು, ಮೇಲುಗೊಬ್ಬರ ಹಾಕುವುದು ಎಲ್ಲವೂ ಆಗ. ಮಳೆ ಹಿಂದಾಗಿ ಬಿಸಿಲು ಹದವಾಗುವ ದಸರೆಯಿಂದ ದೀಪಾವಳಿಯವರೆಗೆ ಎರಡನೆಯ ಸರದಿ. ಈ ಎರಡು ಸರದಿ ತಪ್ಪದೆ ನಡೆಸಿದರೆ ಹೆಚ್ಚಿನ ಗಿಡಗಳಿಗೆ ವರ್ಷದ ಊಟ ಸಾಕು.

ಊರಿಂದ ಊರಿಗೆ ಸ್ವಲ್ಪ ವ್ಯತ್ಯಾಸವುಂಟು. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೊಬ್ಬರದ ಹೆಸರೇ ಎತ್ತಬೇಡಿ. ಗಿಡವನ್ನು ಮಳೆ ಬೀಳದ ಜಗುಲಿಯ ಅಂಚಿಗೆ ತಂದರೆ ಅದೇ ದೊಡ್ಡ ಉಪಕಾರ. ಮಳೆ ಕಡಿಮೆಯಿರುವ ಬಯಲುಸೀಮೆಯವರಿಗೆ ಅದೇ ತಿಂಗಳುಗಳು ಗಿಡ ಚಿಗುರುವ ಕಾಲ, ಆಗ ತೆಳ್ಳಗೆ ಮಾಡಿದ ನೀರುಗೊಬ್ಬರ ಕೊಡಬಹುದು. ರಾಯಚೂರು, ಕಲಬುರಗಿಯ ಕಡೆ ಏಪ್ರಿಲ್-ಮೇ ತಿಂಗಳ ಉರಿಯಲ್ಲಿ ಅನೇಕ ಗಿಡಗಳು ಬೆಳೆಯುವುದನ್ನೇ ನಿಲ್ಲಿಸಿ ಜೀವ ಹಿಡಿದುಕೊಂಡಿರುತ್ತವೆ. ಆಗ ಮಧ್ಯಾಹ್ನದ ನೆರಳು ಕೊಡಿ, ಗೊಬ್ಬರ ಬೇಡ. ಡಿಸೆಂಬರ್-ಜನವರಿಯ ಚಳಿಯಲ್ಲೂ ಕಳ್ಳಿ, ಅಡೀನಿಯಂಗಳಿಗೆ ಉಪವಾಸವೇ ಹಿತ.

ಇಷ್ಟೆಲ್ಲ ನೆನಪಿಡುವುದು ಕಷ್ಟವೆನಿಸಿದರೆ ಒಂದೇ ಸೂತ್ರ ಸಾಕು: ಹೊಸ ಎಲೆ ಕಾಣುತ್ತಿದ್ದರೆ ಕೊಡಿ, ಕಾಣದಿದ್ದರೆ ಬಿಡಿ. ನರ್ಸರಿಯಿಂದ ಹೊಸದಾಗಿ ತಂದ ಗಿಡಕ್ಕೂ, ಈಗತಾನೆ ಕುಂಡ ಬದಲಾಯಿಸಿದ ಗಿಡಕ್ಕೂ, ರೋಗ ಬಂದ ಗಿಡಕ್ಕೂ ಒಂದೂವರೆ ತಿಂಗಳು ಏನೂ ಬೇಡ. ಜ್ವರ ಬಂದವರಿಗೆ ಹೋಳಿಗೆ ಬಡಿಸುತ್ತೇವೆಯೆ?

ಏನು? ಎಷ್ಟು?

ಎಲ್ಲಕ್ಕಿಂತ ನಿರಪಾಯವಾದದ್ದು ಎರೆಹುಳು ಗೊಬ್ಬರ. ಆರು ಇಂಚಿನ ಕುಂಡಕ್ಕೆ ಒಂದು ಸರದಿಗೆ ಎರಡು ದೊಡ್ಡ ಚಮಚ, ಅಂಗೈಯಗಲದ ಪುಟ್ಟ ಕುಂಡಕ್ಕೆ ಒಂದು ಚಹಾ ಚಮಚ. ಗಿಡದ ಬುಡಕ್ಕೆ ತಾಗಿಸದೆ ಕುಂಡದ ಅಂಚಿನ ಸುತ್ತ ಉದುರಿಸಿ, ಮೇಲ್ಮಣ್ಣನ್ನು ಕಡ್ಡಿಯಿಂದ ಮೆಲ್ಲಗೆ ಕೆದಕಿ ಬೆರೆಸಿ. ಮೇಲೆ ತೆಳ್ಳಗೆ ಮರಳು ಹರಡಿದರೆ ಇನ್ನೂ ಚೆನ್ನ, ಬುಡ ಒಣಗಿರುತ್ತದೆ.

ಅಂಗಡಿಯ ಗೊಬ್ಬರವೇ ಬೇಕೆನ್ನುವವರು ನೀರಿನಲ್ಲಿ ಕರಗುವ 19:19:19 ತನ್ನಿ. ಆ ಮೂರು ಅಂಕಿಗಳು ನೂರು ಪಾಲಿನಲ್ಲಿ ಸಾರಜನಕ, ರಂಜಕ, ಪೊಟ್ಯಾಷ್‌ಗಳು ಎಷ್ಟೆಷ್ಟಿವೆ ಎಂಬುದನ್ನು ಹೇಳುತ್ತವೆ. ಇದನ್ನು ಎರಡು ಲೀಟರ್ ನೀರಿಗೆ ಕಾಲು ಚಹಾ ಚಮಚ, ತಲೆತಟ್ಟಿ ಅಳೆದು, ಬೆರೆಸಿ. ಪೊಟ್ಟಣದ ಮೇಲೆ ಹೆಚ್ಚಿನ ಅಳತೆ ಬರೆದಿರಬಹುದು. ಅದು ಹೂಗಿಡ, ತರಕಾರಿಗಳಿಗೆ. ಇವುಗಳಿಗೆ ಅದರ ಕಾಲು ಭಾಗದಿಂದ ಅರ್ಧವೇ ಹೆಚ್ಚು. ಬೆಳೆಯುವ ಕಾಲದಲ್ಲಿ ತಿಂಗಳಿಗೊಮ್ಮೆ ಅಥವಾ ಒಂದೂವರೆ ತಿಂಗಳಿಗೊಮ್ಮೆ, ವರ್ಷಕ್ಕೆ ಮೂರು ನಾಲ್ಕು ಸಲ ಕೊಟ್ಟರೆ ಸಾಕು.

ಕೊಡುವ ಕ್ರಮವೂ ಮುಖ್ಯ. ಮಣ್ಣು ಪೂರ್ತಿ ಒಣಗಿ ಬಿರುಕು ಬಿಟ್ಟಿರುವಾಗ ನೇರವಾಗಿ ಗೊಬ್ಬರದ ನೀರು ಹಾಕಿದರೆ ಬೇರಿಗೆ ಉರಿ. ಹಿಂದಿನ ದಿನ ಸ್ವಲ್ಪ ಸಾದಾ ನೀರು ಕೊಟ್ಟು, ಮರುದಿನ ಬೆಳಿಗ್ಗೆ ಗೊಬ್ಬರದ ನೀರು ಹಾಕಿ. ಮಣ್ಣಿಗೆ ಮಾತ್ರ ಹಾಕಿ, ಎಲೆಗಳ ನಡುವಿನ ಬಟ್ಟಲಿನಲ್ಲಿ ನಿಲ್ಲದಿರಲಿ. ತಟ್ಟೆಗೆ ಇಳಿದ ನೀರನ್ನು ಚೆಲ್ಲಿಬಿಡಿ.

ಯೂರಿಯಾ ಬೇಡವೇ ಬೇಡ. ಅದರಲ್ಲಿ ನೂರಕ್ಕೆ 46 ಪಾಲು ಬರೀ ಸಾರಜನಕ. ಡಿ.ಎ.ಪಿ.ಯಲ್ಲಿ 18 ಪಾಲು ಸಾರಜನಕ, 46 ಪಾಲು ರಂಜಕ, ಪೊಟ್ಯಾಷ್ ಸೊನ್ನೆ. “ಹೊಲಕ್ಕೆ ತಂದದ್ದು ಉಳಿದಿದೆ, ನಾಲ್ಕು ಕಾಳು ಹಾಕಿದ್ರಾಯ್ತು” ಎನ್ನಬೇಡಿ. ಎಕರೆಯ ಅಳತೆಯ ಗೊಬ್ಬರ ಬೊಗಸೆ ಮಣ್ಣಿಗೆ ತಕ್ಕದ್ದಲ್ಲ.

ಅಡಿಗೆಮನೆಯ ಉಪಚಾರ

ನಮ್ಮಲ್ಲಿ ಯಾವುದನ್ನೂ ಚೆಲ್ಲುವ ಅಭ್ಯಾಸವಿಲ್ಲ, ಒಳ್ಳೆಯದೇ. ಆದರೆ ಯಾವುದು ಯಾರಿಗೆ ಎಂಬುದನ್ನು ನೋಡೋಣ.

ಅಕ್ಕಿ ತೊಳೆದ ನೀರು: ಇದರಲ್ಲಿ ಪಿಷ್ಟವೇ ಹೆಚ್ಚು. ಮರಳು ಮಣ್ಣಿನಲ್ಲಿ ಹುಳಿತು ಬೂಷ್ಟು, ಸಣ್ಣ ನೊಣಗಳನ್ನು ಕರೆಯುತ್ತದೆ. ಕರಿಬೇವಿಗೋ ದಾಸವಾಳಕ್ಕೋ ಹಾಕಿ.

ಹುಳಿ ಮಜ್ಜಿಗೆ: ಕರಿಬೇವಿಗೆ ಇದು ವಾಡಿಕೆಯ ಉಪಚಾರ. ಲೋಳೆಸರಕ್ಕೂ ಕಳ್ಳಿಗೂ ಬೇಡ.

ಚಹಾದ ಚರಟ, ಕಾಫಿಯ ಗಸಿ: ಹಾಲು, ಸಕ್ಕರೆ ಬೆರೆತಿದ್ದರೆ ಇರುವೆ ಬರುತ್ತದೆ. ಇರುವೆ ಬಂದರೆ ಹಿಂದೆಯೇ ಹಿಟ್ಟು ತಿಗಣೆ. ಆ ಹುಳ ಸುರಿಸುವ ಸಿಹಿಗಾಗಿ ಇರುವೆಗಳೇ ಅದನ್ನು ಕಾಯುತ್ತವೆ! ಹಾಲು, ಸಕ್ಕರೆ ಇಲ್ಲದಿದ್ದರೂ ಗಸಿ ತೇವವನ್ನು ಹಿಡಿದಿಡುತ್ತದೆ, ಈ ಗಿಡಗಳಿಗೆ ಆಗದ್ದೇ ಅದು.

ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು: ಸ್ವಲ್ಪ ಪೊಟ್ಯಾಷ್ ಇದೆ ನಿಜ. ಅದರ ಜೊತೆ ಸಕ್ಕರೆ ಅಂಶವೂ ಇದೆ, ಹುಳಿಯುತ್ತದೆ. ಲಾಭಕ್ಕಿಂತ ತೊಂದರೆ ಹೆಚ್ಚು.

ಮೊಟ್ಟೆಯ ಚಿಪ್ಪು: ಇದು ಸುಣ್ಣದ ಅಂಶ, ಮಣ್ಣಿನಲ್ಲಿ ಕರಗುವುದಕ್ಕೆ ಬಹಳ ಕಾಲ ಬೇಕು. ನಿಮ್ಮದು ಗಡಸು ಬೋರ್‌ವೆಲ್ ನೀರಾದರೆ ಸುಣ್ಣ ಅದರಲ್ಲೇ ಬೇಕಾದಷ್ಟಿದೆ.

ಒಲೆಯ ಬೂದಿ: ಪೊಟ್ಯಾಷ್ ಕೊಡುತ್ತದೆ, ಆದರೆ ಕ್ಷಾರ. ಗಡಸು ನೀರಿನ ಊರಿನಲ್ಲಿ ಬೂದಿಯೂ ಸೇರಿದರೆ ಗಿಡಕ್ಕೆ ಮಣ್ಣಿನಲ್ಲಿರುವ ಕಬ್ಬಿಣ ದಕ್ಕದೆ ಚಿಗುರು ಹಳದಿಯಾಗುತ್ತದೆ. ಬಿಟ್ಟರೆ ನಷ್ಟವಿಲ್ಲ.

ಕಡಲೆಕಾಯಿ ಹಿಂಡಿ ಕೊಳೆಸಿದ ನೀರು: ಗುಲಾಬಿಗೆ ಹಬ್ಬ, ಇವುಗಳಿಗೆ ಅಜೀರ್ಣ.

ಹಾಗಾದರೆ ಇವೆಲ್ಲ ಹಾಳೇ? ಖಂಡಿತ ಅಲ್ಲ. ತೂತು ಮಾಡಿದ ಹಳೆಯ ಬಕೆಟ್ಟಿನಲ್ಲಿ ಒಂದು ಪದರ ಒಣಎಲೆ, ಒಂದು ಪದರ ತರಕಾರಿ ಸಿಪ್ಪೆ, ತೊಳೆದ ಚಹಾದ ಚರಟ, ಬಾಳೆಸಿಪ್ಪೆಯ ಚೂರು, ದೇವರಿಗೆ ಏರಿಸಿ ತೆಗೆದ ಹೂವು, ಮೇಲೊಂದು ಹಿಡಿ ಮಣ್ಣು, ಹೀಗೆ ತುಂಬುತ್ತ ಬನ್ನಿ. ವಾರಕ್ಕೊಮ್ಮೆ ಕೋಲಿನಿಂದ ತಿರುವಿ ಹಾಕಿ. ನಾಲ್ಕಾರು ತಿಂಗಳಲ್ಲಿ ಕಪ್ಪಗೆ, ಮೊದಲ ಮಳೆಯ ಮಣ್ಣಿನ ವಾಸನೆಯ ಗೊಬ್ಬರ ಸಿದ್ಧ. ಹಸಿಯಾಗಿ ಹಾಕಿದರೆ ಕೊಲ್ಲುತ್ತಿದ್ದ ವಸ್ತುಗಳೇ ಮಾಗಿದ ಮೇಲೆ ಗಿಡಕ್ಕೆ ಅಮೃತವಾಗುತ್ತವೆ. ಎರೆಹುಳು ಗೊಬ್ಬರಕ್ಕೆ ಹೇಳಿದ ಅಳತೆಯೇ ಇದಕ್ಕೂ.

ಒಂದೊಂದು ಗಿಡದ ಬಾಯಿರುಚಿ

ಲೋಳೆಸರ: ಈ ಗುಂಪಿನಲ್ಲಿ ಸುಮಾರಾಗಿ ಉಣ್ಣುವ ಗಿಡ. ಎರಡು ಸರದಿಯ ಎರೆಹುಳು ಗೊಬ್ಬರ ಸಾಕು. ಮರಿಗಳು ಕುಂಡ ತುಂಬಿಕೊಂಡಾಗ ಬಿಡಿಸಿ ಬೇರೆ ನೆಡಿ, ಇಲ್ಲವಾದರೆ ಹಾಕಿದ ಗೊಬ್ಬರವೆಲ್ಲ ಮರಿಗಳ ಪಾಲು. ಮುಖಕ್ಕೆ, ತಲೆಗೆ ಬಳಸುವ ಗಿಡಕ್ಕೆ ರಾಸಾಯನಿಕ ಗೊಬ್ಬರವಾಗಲಿ ಕೀಟನಾಶಕವಾಗಲಿ ಬೇಡ. ಎಲೆ ಕುಯ್ದ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿ ಹಳದಿ ರಸವನ್ನು ಇಳಿಸಿಬಿಡಿ. ಆ ರಸ ಭೇದಿ ಮಾಡಿಸುತ್ತದೆ. ಬಸುರಿಯರು ಲೋಳೆಸರವನ್ನು ಹೊಟ್ಟೆಗೆ ತೆಗೆದುಕೊಳ್ಳಲೇಬಾರದು.

ದೊಡ್ಡಪತ್ರೆ, ಮಂಗರವಳ್ಳಿ: ತಂಬುಳಿಗೆ, ಚಟ್ನಿಗೆ ಪದೇ ಪದೇ ಕೀಳುತ್ತೇವಾದ್ದರಿಂದ ಇವಕ್ಕೆ ಸ್ವಲ್ಪ ಹೆಚ್ಚು ಬೇಕು. ಚಿಗುರುವ ಕಾಲದಲ್ಲಿ ತಿಂಗಳಿಗೊಮ್ಮೆ ಒಂದು ಹಿಡಿ ಮಾಗಿದ ಗೊಬ್ಬರ ಕೊಡಿ. ತಿನ್ನುವ ಗಿಡ, ಆದ್ದರಿಂದ ಅಂಗಡಿಯ ಪುಡಿ ಬೇಡ.

ಮನೆಯ ಬ್ರಹ್ಮಕಮಲ: ನಿಜವಾದ ಬ್ರಹ್ಮಕಮಲ ಹಿಮಾಲಯದ ಎತ್ತರದಲ್ಲಿ ಬೆಳೆಯುವ ಸೂರ್ಯಕಾಂತಿ ಕುಟುಂಬದ ಗಿಡ, ಉತ್ತರಾಖಂಡದ ರಾಜ್ಯಪುಷ್ಪ. ನಾವು ರಾತ್ರಿ ನೆರೆಹೊರೆಯವರನ್ನೆಲ್ಲ ಕರೆದು, ಆರತಿ ಎತ್ತಿ ನೋಡುವ ಹೂವು ಮೆಕ್ಸಿಕೋ, ಗ್ವಾಟೆಮಾಲಾ ಕಡೆಯ ಕಾಡಿನ ಕಳ್ಳಿ, ನಿಶಾಗಂಧಿ. ಹೆಸರು ಯಾವುದಾದರೇನು, ಹೂವಿನ ಚೆಲುವಿಗೆ ಕುಂದಿಲ್ಲ. ಇದರ ತವರು ಮರುಭೂಮಿಯಲ್ಲ. ಮರದ ಕೊಂಬೆಯ ಸಂದಿಯಲ್ಲಿ, ಕೊಳೆತ ಎಲೆಯ ನಡುವೆ ಬೇರು ಬಿಟ್ಟು ಬದುಕುವ ಗಿಡ ಇದು. ಆದ್ದರಿಂದ ಬೇರೆ ಕಳ್ಳಿಗಳಿಗಿಂತ ಎಲೆಗೊಬ್ಬರ ಹೆಚ್ಚಿರಲಿ, ಚದುರಿದ ನೆರಳಿರಲಿ. ಯುಗಾದಿಯ ಹೊತ್ತಿಗೆ ಮಾಗಿದ ಗೊಬ್ಬರ ಎರಡು ಹಿಡಿ ಹಾಕಿ, ಮೊಗ್ಗು ಕಾಣುವವರೆಗೆ ತಿಂಗಳಿಗೊಮ್ಮೆ ತೆಳು ನೀರುಗೊಬ್ಬರ ಕೊಡಿ. ಮೊಗ್ಗು ಬಂದ ಮೇಲೆ ಗೊಬ್ಬರ ನಿಲ್ಲಿಸಿ, ಕುಂಡವನ್ನು ಅತ್ತಿತ್ತ ಎತ್ತಿಡಬೇಡಿ.

ಅಡೀನಿಯಂ: ಇವುಗಳ ಪೈಕಿ ಹೊಟ್ಟೆಬಾಕ. ಫೆಬ್ರವರಿ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಮಳೆ ಜೋರಿಲ್ಲದಾಗ, ಮೂರು ನಾಲ್ಕು ವಾರಕ್ಕೊಮ್ಮೆ ನೀರುಗೊಬ್ಬರ. ಚಳಿಯಲ್ಲಿ ಎಲೆ ಉದುರಿಸಿ ಮಲಗಿದಾಗ ಎಬ್ಬಿಸುವ ಪ್ರಯತ್ನ ಬೇಡ.

ಟೇಬಲ್ ರೋಸ್: ಬಡ ಮಣ್ಣಿನಲ್ಲೇ ಇದಕ್ಕೆ ಖುಷಿ. ಗೊಬ್ಬರ ಹೆಚ್ಚಾದರೆ ಬರೀ ಹಸುರು, ಹೂವು ನಾಸ್ತಿ.

ಜೇಡ್, ಹಾವರ್ತಿಯಾ, ಎಚೆವೇರಿಯಾ, ಉರುಟು ಕಳ್ಳಿಗಳು: ವರ್ಷಕ್ಕೆ ಎರಡೇ ಸಲ, ಅದೂ ಚಹಾ ಚಮಚದ ಲೆಕ್ಕ. ಕಾಡುಬಸಳೆಗಂತೂ ಕೊಡುವುದೇ ಬೇಡ. ಬಿದ್ದ ಎಲೆಯ ಅಂಚಿನಿಂದಲೇ ಮರಿ ಹುಟ್ಟಿಸಿಕೊಳ್ಳುವ ಗಟ್ಟಿಗಿತ್ತಿ ಅದು.

ಕೈಮೀರಿದ್ದರೆ?

ಗೊಬ್ಬರ ಹೆಚ್ಚಾಗಿ ಗಿಡ ಕೊಳೆಯತೊಡಗಿದೆ ಎನ್ನಿ. ಅತ್ತೆ ನೆಟ್ಟದ್ದೋ, ತವರಿನಿಂದ ತುಂಡು ತಂದದ್ದೋ ಆಗಿದ್ದರೆ ಕರುಳು ಚುರುಕ್ ಎನ್ನುತ್ತದೆ. ಆದರೆ ಕೂಡಲೇ ಎಸೆಯಬೇಡಿ. ಕುಂಡದಿಂದ ಕಿತ್ತು ಹಳೆಯ ಮಣ್ಣನ್ನೆಲ್ಲ ಉದುರಿಸಿ. ಕಂದಾಗಿ ಮೆತ್ತಗಾದ ಬೇರನ್ನು ಸ್ವಚ್ಛವಾದ ಬ್ಲೇಡಿನಿಂದ, ಗಟ್ಟಿ ಭಾಗ ಸಿಗುವವರೆಗೆ, ಕತ್ತರಿಸಿ. ನೆರಳಿನಲ್ಲಿ ಗಾಳಿಯಾಡುವ ಕಡೆ ನಾಲ್ಕೈದು ದಿನ ಹಾಗೇ ಒಣಗಲು ಬಿಡಿ. ಗಾಯ ಮಾಯ್ದು ಒಣಪದರ ಕಟ್ಟಿದ ಮೇಲೆ ಹೊಸ ಮರಳುಮಣ್ಣಿನಲ್ಲಿ ನೆಟ್ಟು ಒಂದು ವಾರ ನೀರು ಕೊಡಬೇಡಿ. ಆಮೇಲೆ ಹಿಡಿತವಾಗಿ ನೀರು ಕೊಡುತ್ತ, ಹೊಸ ಎಲೆ ಬರುವವರೆಗೆ ಗೊಬ್ಬರ ಬಿಡಿ. ಬುಡ ಪೂರ್ತಿ ಹೋಗಿದ್ದರೂ ಜೇಡ್, ಎಚೆವೇರಿಯಾಗಳ ಒಂದು ಗಟ್ಟಿ ಎಲೆ ಉಳಿದಿದ್ದರೆ ಒಣಗಿಸಿ ಮರಳಿನ ಮೇಲಿಡಿ. ಅಲ್ಲೇ ಬೇರು, ಅಲ್ಲೇ ಮರಿ. ತುಂಡಿನಿಂದ ಬಂದ ಗಿಡ ತುಂಡಿನಿಂದಲೇ ಮತ್ತೆ ಬರುತ್ತದೆ.

ಇಷ್ಟು ಎಚ್ಚರ ಇರಲಿ

19:19:19 ಪುಡಿ ನೋಡುವುದಕ್ಕೆ ಉಪ್ಪು, ಸಕ್ಕರೆಗಳಂತೆಯೇ ಇರುತ್ತದೆ. ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿ ಅಡಿಗೆಮನೆಯ ಕಟ್ಟೆಯ ಮೇಲೆ ಇಡಬೇಡಿ. ಮಕ್ಕಳ ಕೈಗೆ ಎಟುಕದ ಬೇರೆ ಜಾಗದಲ್ಲಿ, ಹೆಸರು ಬರೆದ ಚೀಟಿ ಅಂಟಿಸಿ ಇಡಿ. ಅಳೆಯುವ ಚಮಚವೂ ಬೇರೆಯೇ ಇರಲಿ. ಬೇಲಿಕಳ್ಳಿ, ಮುಳ್ಳುಕಾಂಡದ ಕೆಂಪು ಹೂವಿನ ಯೂಫೋರ್ಬಿಯಾಗಳನ್ನು ಕತ್ತರಿಸಿದಾಗ ಬರುವ ಹಾಲು ಕಣ್ಣಿಗೆ ಬಿದ್ದರೆ ಬಹಳ ಕೆಟ್ಟದ್ದು. ಅಕಸ್ಮಾತ್ ಬಿದ್ದರೆ ಧಾರಾಳ ನೀರಿನಲ್ಲಿ ತೊಳೆದು ವೈದ್ಯರಲ್ಲಿಗೆ ಹೋಗಿ. ಅಡೀನಿಯಂನ ರಸ ವಿಷ. ಆ ಕೆಲಸಕ್ಕೆ ಕೈಚೀಲ ತೊಡಿ, ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.

ಒಂದು ಹಳೆಯ ಕ್ಯಾಲೆಂಡರನ್ನು ಗಿಡಗಳ ಹತ್ತಿರ ತೂಗುಹಾಕಿ, ಗೊಬ್ಬರ ಕೊಟ್ಟ ದಿನಕ್ಕೆ ಒಂದು ಗುರುತು ಹಾಕಿಕೊಳ್ಳಿ. “ಹೋದ ವಾರ ಹಾಕಿದ್ನೋ ಇಲ್ವೋ” ಎಂಬ ಅನುಮಾನದಲ್ಲೇ ಎರಡೆರಡು ಸಲ ಊಟ ಬಿದ್ದು ಗಿಡಗಳು ಹೋಗುತ್ತವೆ. ಅನುಮಾನ ಬಂದರೆ ಕೊಡದಿರುವುದೇ ಕ್ಷೇಮ. ಈ ಗಿಡಗಳು ಉಪವಾಸದಿಂದ ಸಾಯುವುದು ಅಪರೂಪ. ಇನ್ನು ನೆರೆಮನೆಯವರು ನಿಮ್ಮ ಗಿಡ ಮೆಚ್ಚಿ ಒಂದು ಮರಿ ಕೇಳಿದರೆ, ಮರಿಯ ಜೊತೆಗೆ ಆ ಕಾಲು ಚಮಚದ ಲೆಕ್ಕವನ್ನೂ ಹೇಳಿ ಕಳಿಸಿ.